ಅಕ್ಕ ಎತ್ತಿದ ಕೈ

ಮೊನ್ನೆ ತವರೂರು ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹೊಲಿಯಲು ಕೊಟ್ಟು ಒಂದು ಕಾಲು ಬರಿದಾಗಿ ನಿಂತಿದ್ದೆ. ಹೊಲಿಯುವಾತ ಪಕ್ಕದಲ್ಲಿದ್ದ ತೊಗಲಿಗೆ ಹರಳೆಣ್ಣೆ ಸವರತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದಳು...

ಒಡಹುಟ್ಟಿದವಳಲ್ಲ. ನಮ್ಮ ಓಣಿಯವಳು, ಹುಡುಗಿಯರ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಎಪ್ಪತ್ತರ ದಶಕದ ಕೊನೆಯ ಮಾತು. ಊರಿನ ಕ್ಲಬ್ಬಿನ ಗಂಡುಹುಡುಗರು ಆಡಿ ಸವೆಸಿದ ತೊಗಲಿನ ಚೆಂಡು ನಮ್ಮ ಪಾಲಿಗೆ ಬರುತ್ತಿತ್ತು. ಅಕ್ಕ ಅದಕ್ಕೆ ಹರಳೆಣ್ಣೆ ಉಜ್ಜಿ ಉಜ್ಜಿ ಮೆತ್ತಗೆ ಮಾಡುತ್ತಿದ್ದಳು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಿಂದ ಬುಟ್ಟಿಯಲ್ಲಿ ಕಲ್ಲುಪುಡಿ ತಂದು ಮೈದಾನಕ್ಕೆ ಗೆರೆ ಎಳೆಯುತ್ತಿದ್ದೆವು. ಆಡುವುದು ಬರಿಗಾಲಲ್ಲಿ. ಮನೆಗೆ ಮರಳುವಾಗ ಗೋಡೆಗೆ ಸುಣ್ಣ ಹೊಡೆದು ಬಂದವರಂತೆ ಕಾಣುತ್ತಿದ್ದೆವು. ಆಟದ ನಡುವೆ ಅಕ್ಕ ಬಲಗೈ ಎತ್ತಿದಳೆಂದರೆ ಯಾರೂ ಯೋಚಿಸುತ್ತಿರಲಿಲ್ಲ, ಚೆಂಡು ಅವಳ ಕಾಲಿಗೆ ಹೋಗುತ್ತಿತ್ತು. ಅಷ್ಟು ನಂಬಿದ್ದೆವು.

ಆದರೆ ಬೇರೆ ಊರಿನ ತಂಡದೊಡನೆ ಒಮ್ಮೆಯೂ ಆಡಿರಲಿಲ್ಲ. ನನಗಂತೂ ನಾರಾಯಣಖೇಡದಲ್ಲಿ ಸಂಬಂಧ ಗೊತ್ತಾಗಿತ್ತು, ಬೇಸಿಗೆಗೆ ಮದುವೆ. ಅಷ್ಟರಲ್ಲಿ ಜಹೀರಾಬಾದಿನ ಹುಡುಗಿಯರು ಆಡಲು ಕರೆದರು. ಅದೇ ವರ್ಷ ಅಕ್ಕ ಆಟ ಬಿಟ್ಟು ಕ್ಲಬ್ಬಿನ ಕಮಿಟಿ ಸೇರಿ ಜಾಯಿಂಟ್ ಸೆಕ್ರೆಟರಿ ಆಗಿದ್ದಳು. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಣ್ಣು. ಇನ್ನು ನಮ್ಮದೇ ರಾಜ್ಯ ಎಂದು ಕುಣಿದೆವು. ಅವ್ವ ಮಾತ್ರ ನನ್ನನ್ನು ಕಳಿಸಲು ಒಪ್ಪಿರಲಿಲ್ಲ. ಅಕ್ಕ ನಮ್ಮ ಅಡುಗೆಮನೆಯಲ್ಲೇ ಕೂತು, ರೊಟ್ಟಿ, ಪುಂಡಿಪಲ್ಯ ಉಂಡು, ಅವಳನ್ನು ಒಪ್ಪಿಸಿದಳು.

"ಕಾಕೂ, ಒಂದ್ಸಲ ಕಳಸ್ರಿ. ದೀಪ ಹಚ್ಚೂದ್ರಾಗ ನಾನ ಕರಕೊಂಡು ಬರ್ತೀನಿ."

ಮುಂದಿನ ವಾರ ಕಮಿಟಿ ಕೂತಿತು. ಹುಡುಗಿಯರನ್ನು ಪರವೂರಿಗೆ ಕಳಿಸಿದರೆ ಜನ ಆಡಿಕೊಳ್ಳುತ್ತಾರೆಂದು ಅಧ್ಯಕ್ಷರು ತಕರಾರು ತೆಗೆದರಂತೆ. ಬೇಡ ಎನ್ನುವವರು ಕೈ ಎತ್ತಿ ಎಂದರಂತೆ. ರೈಲ್ವೆಯಲ್ಲಿದ್ದ ಅಪ್ಪನೂ ಆ ಕಮಿಟಿಯ ಸದಸ್ಯ. ಮನೆಗೆ ಬಂದು ಟೋಪಿ ಗೂಟಕ್ಕೆ ಸಿಗಿಸಿ, ನನ್ನ ಮುಖ ನೋಡದೆ ಹೇಳಿದ.

"ನಾ ಎತ್ತಲಿಲ್ಲವ್ವಾ. ಎಲ್ಲಾರಕಿಂತ ಮೊದ್ಲ ಕೈ ಎತ್ತಿದಾಕಿ ನಿಮ್ಮ ಅಕ್ಕಾನ ನೋಡು."

ನಂಬದೆ ಅವಳ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು.

"ಈ ಸಲ ನಾ ಅವರ ಮಾತು ಕೇಳಿದ್ರ ಮುಂದಿನ ಸಲ ಅವರು ನನ್ನ ಮಾತು ಕೇಳ್ತಾರ. ಒಳಗ ಉಳಿದ್ರನ ಏನರ ಮಾಡಾಕ ಬರ್ತದ, ತಂಗಿ."

"ನನಗ ಮುಂದಿನ ಸಲ ಎಲ್ಲ್ಯದ ಅಕ್ಕಾ?" ಎಂದೆ.

ಅವಳು ಮೊರ ಕೆಳಗಿಡಲೂ ಇಲ್ಲ.

ಜಹೀರಾಬಾದಿನಲ್ಲಿ ಆಡದೆಯೇ ಬೇಸಿಗೆಗೆ ಮದುವೆಯಾಗಿ ಹೋದೆ. ಅಕ್ಕ ಮುಂದೆ ಸೆಕ್ರೆಟರಿಯೂ ಆದಳು, ಬಹಳ ವರ್ಷ ಆ ಕುರ್ಚಿಯಲ್ಲೇ ಇದ್ದಳು. ತವರಿಗೆ ಬಂದಾಗಲೆಲ್ಲ ವಿಚಾರಿಸುತ್ತಿದ್ದೆ. ಹುಡುಗಿಯರ ತಂಡ ಮಾತ್ರ ಮತ್ತೆ ಮೇಲೇಳಲಿಲ್ಲ. ಗಂಡಸರಷ್ಟೇ ಬೇಡವೆಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ, ಅವರನ್ನು ನಾವು ನಂಬಿಯೇ ಇರಲಿಲ್ಲ. ಅಕ್ಕನ ಮಾತಿನಲ್ಲೂ ನ್ಯಾಯವಿತ್ತು ಎನ್ನುವವರು ಇದ್ದಾರೆ. ಇರಲಿ. ನನಗೆ ಮೋಸವಾಯಿತು.

ಒಮ್ಮೆ ಸ್ಟೇಷನ್ನಿನಲ್ಲಿ ಆಚೆ ಪ್ಲಾಟ್‌ಫಾರಂನಿಂದ ನನ್ನನ್ನು ಕಂಡು ಬಲಗೈ ಎತ್ತಿದಳು. ಅಷ್ಟರಲ್ಲಿ ವಾಡಿ ಕಡೆಯ ರೈಲು ನಡುವೆ ಬಂದು ನಿಂತಿತು. ಅದು ಹೋದ ಮೇಲೆ ನೋಡಿದರೆ ಅವಳಿರಲಿಲ್ಲ... ಹೋದ ವರ್ಷ ತೀರಿಕೊಂಡಳಂತೆ. ಜಗಳವಾಡಬೇಕೆಂದರೂ ಈಗ ಅವಳಿಲ್ಲ.

"ತಗೋರಿ ಅಮ್ಮಾ" ಎಂದು ಹೊಲಿಯುವಾತ ಚಪ್ಪಲಿ ಮುಂದಿಟ್ಟ. ಹಾಕಿಕೊಳ್ಳಲು ಬಗ್ಗಿದರೆ ಬರಿಗಾಲಿಗೆ ರಸ್ತೆಯ ಬಿಳಿ ಕಲ್ಲುಪುಡಿ ಹತ್ತಿತ್ತು. ಒರೆಸಿಕೊಳ್ಳದೆ ಹಾಗೆಯೇ ಮೆಟ್ಟಿಕೊಂಡೆ.