ಹಗ್ಗ ಹಿಡಿದ ಕೈ

ಮರಳೂರಿನಲ್ಲಿದ್ದ ನನ್ನ ಗೆಳೆಯ ಡ್ರಾಯಿಂಗ್ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಅವನು ಮನುಷ್ಯನ ಹಾರುವ ಕನಸಿನ ಬಗ್ಗೆ ಒಂದು ಚಿತ್ರಪುಸ್ತಕವನ್ನು ತಾನೇ ಬರೆದು, ತಾನೇ ಹೊಲಿಯುತ್ತಿದ್ದ. ಪುಟದ ತುಂಬ ರೆಕ್ಕೆ, ಮೋಡ. "ನೀನು ಹಾರಿದವ್ನಲ್ವೇನೋ, ಹೆಂಗಿತ್ತು ಹೇಳು" ಅಂದ.

ಹಾರುವುದು ಸುಖ ಅನ್ನುವವರು ಯಾರೂ ಹಾರಿದವರಲ್ಲ. ಅದಕ್ಕೂ ಕೆಲವು ವರ್ಷ ಮೊದಲು, ಗುಬ್ಬಿಯ ಹತ್ತಿರ ನಮ್ಮೂರಿನವರೇ ಆಡಿದ ನಾಟಕದಲ್ಲಿ ನಾನು ಹನುಮಂತ. ನನ್ನ ಸೊಂಟಕ್ಕೆ ಹಗ್ಗ ಬಿಗಿದು, ರಾಟೆಯ ಮೇಲೆ ಹಾಯಿಸಿ, ಪರದೆಯ ಮರೆಯಲ್ಲಿ ನಿಂತು ಎಳೆದವನು ಸೋದರಮಾವ. ತೆಂಗಿನ ತೋಟದಲ್ಲಿ ದುಡಿದ ತೋಳು, ಭಯವಿಲ್ಲ ಅಂದುಕೊಂಡಿದ್ದೆ. ಕಾಲು ನೆಲ ಬಿಟ್ಟ ಕೂಡಲೇ ಆ ಧೈರ್ಯ ಹೋಯಿತು. ಲಂಕೆಯ ಕಡೆ ನೋಡಬೇಕಾದವನು ಮಾವನ ಕೈಯನ್ನೇ ನೋಡುತ್ತಿದ್ದೆ.

ಕೆಳಗೆ ಯಾರೋ ಕರ್ಪೂರ ಹಚ್ಚಿ ತೆಂಗಿನಕಾಯಿ ಒಡೆದರು. ಜನರೆಲ್ಲ ಎದ್ದು ಕೈ ಮುಗಿದರು. ಮಾವನೂ ಹಗ್ಗವನ್ನು ಕಂಕುಳಲ್ಲಿ ಅವುಚಿಕೊಂಡು ಎರಡೂ ಕೈ ಮುಗಿದ. ನಾನು ಸರ್ರನೆ ಜಾರಿದೆ. ಕೂಗೋಣವೆಂದರೆ ಬಾಯಿಗೆ ಹನುಮಂತನ ಮೂತಿ ಕಟ್ಟಿತ್ತು. ಮಾವ ಬೆಚ್ಚಿ ಮತ್ತೆ ಹಗ್ಗ ಹಿಡಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಆಮೇಲೆ ಬೈದರೆ, "ದೇವ್ರು ಕಣ್ಮುಂದೆ ಹೋಗ್ತಿದ್ರೆ ಕೈ ಮುಗೀದೆ ಇರಕ್ಕಾಯ್ತದೇನ್ಲಾ" ಅಂದ.

ಇದನ್ನು ಕೇಳಿದ ಗೆಳೆಯ ಪುಸ್ತಕದ ಕೊನೆಯ ಪುಟದಲ್ಲಿ ಮುಗಿದ ಎರಡು ಕೈಗಳನ್ನಷ್ಟೇ ಬರೆದ. ಎಷ್ಟು ಭಕ್ತಿ ಅನ್ನುತ್ತಾರೆ, ನೋಡಿದವರು. ನನ್ನ ಕೈ ಸೊಂಟ ತಡವುತ್ತದೆ.