ಅವೇ ಹೆಸರು, ಬೇರೆ ಪಾಳಿ

ಬಸಣ್ಣ, ಅಂದು ಕೆರೆ ಏರಿಯ ಮೇಲೆ ಸುಳ್ಳು ಹೇಳಿದವರು ನೀವಲ್ಲ, ನಾನು.

ತೂಬಿನ ಕೀಲಿಕೈ ನಿಮ್ಮ ಸೊಂಟದಲ್ಲಿತ್ತು. ಯಾರ ಗದ್ದೆಗೆ ಮೊದಲು ನೀರು, ಯಾರಿಗೆ ಆಮೇಲೆ ಎಂಬ ಪಾಳಿಯ ಪಟ್ಟಿಯನ್ನು ಕೆರೆ ಕಮಿಟಿಯವರು ಮುಟ್ಟಿದಾಗಲೆಲ್ಲ ನಿಮ್ಮ ಫೋನಿಗೆ ಕಳಿಸುವ ಪ್ರೋಗ್ರಾಂ ನನ್ನದು. ಹಾನಗಲ್ಲಿನ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ನೀವೇ ಗೊಣಗಿದ್ದಿರಿ: "ತಮ್ಮಾ, ಅದ ಪಟ್ಟಿ ಎಷ್ಟ್ ಸಲ ಕಳಸ್ತಿಯೋ? ಟಣ್ ಅಂದ್ರ ನಮ್ಮ ಎಮ್ಮೀನೂ ತಿರುಗಿ ನೋಡ್ತೈತಿ!"

ನಕ್ಕೆ. ಹೊಸ ಪಟ್ಟಿ ಹಳೆಯದರಂತೆಯೇ ಇದ್ದರೆ ಕಳಿಸಬೇಡ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಆದರೆ ಎರಡೂ ಒಂದೇ ಎಂದು ಯಾವಾಗ ಅನ್ನಬೇಕು? ಒಬ್ಬ ರೈತನ ವಿವರದಲ್ಲಿ ಹೆಸರು ಮೊದಲಿರಲಿ, ಸರ್ವೆ ನಂಬರ್ ಮೊದಲಿರಲಿ—ವಿವರ ಅದೇ. ಅಲ್ಲಿ ಹಿಂದುಮುಂದಾದರೆ ನಷ್ಟವಿಲ್ಲ. ಅದೇ ನಿಯಮವನ್ನು ಪಾಳಿಗೂ ಹಚ್ಚಿಬಿಟ್ಟೆ: ಅವೇ ಹೆಸರುಗಳಿದ್ದರೆ, ಯಾರು ಮೊದಲೇ ಇರಲಿ, ಪಟ್ಟಿ ಒಂದೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಂಕಾಪುರದಲ್ಲಿ ಬಸ್ಸಿಳಿದು ಮನೆಗೆ ವಾಪಸಾದ ಮನುಷ್ಯ ನಾನು; ಇದನ್ನು ಮಾತ್ರ ಎರಡನೇ ಸಲ ನೋಡಲಿಲ್ಲ.

ಗಂಗವ್ವನ ಭತ್ತ ಹಾಲುಗಾಳು ಕಟ್ಟುತ್ತಿತ್ತು, ನೆಲ ಬಿರಿಯತೊಡಗಿತ್ತು. ಕಮಿಟಿ ಅವಳ ಹೆಸರನ್ನು ಕೊನೆಯಿಂದ ಮೊದಲಿಗೆ ತಂದಿತು. ಹೆಸರುಗಳು ಅವೇ ಅಲ್ಲವೇ—ಪ್ರೋಗ್ರಾಂ ಸುಮ್ಮನಿತ್ತು. ಅವಳು ಓಡಿಬಂದು ಕೇಳಿದಾಗ ನೀವು ಫೋನ್ ತೋರಿಸಿದಿರಂತೆ: "ನೋಡವಾ, ಹೊಸಾದು ಬಂದಿಲ್ಲ. ಬಂದ ಕೂಡ್ಲೇನ ನಿನಗ ಬಿಡ್ತೇನಿ." ಹಳೆಯ ಪಾಳಿಯಂತೆ ಮೊದಲಿದ್ದ ಪರಮೇಶಿಯ ಗದ್ದೆಗೆ ನೀರು ಹೋಯಿತು. ಗಂಗವ್ವನದು ಅರ್ಧಕ್ಕರ್ಧ ಜೊಳ್ಳಾಯಿತು.

ಏರಿಯ ಮೇಲೆ ಕಮಿಟಿ ಸೇರಿ ನಿಮ್ಮನ್ನು ಕೇಳಿತು: "ಪರಮೇಶಿ ಏನ್ ತಿನ್ಸಿದಾ ನಿನಗ?"

"ಪಟ್ಟಿ ಬಂದಿಲ್ರೀ," ಎಂದಿರಿ.

ಎಲ್ಲರೂ ನನ್ನತ್ತ ತಿರುಗಿದರು. ಅಂಗಡಿಯಿಂದ ಹೊರಡುವ ಮೊದಲೇ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ—

"ಹೊಸಾ ಪಟ್ಟಿ ಕಂಪ್ಯೂಟರಿನ್ಯಾಗ ಬರೋಬರಿ ಐತ್ರಿ," ಎಂದೆ.

ಇತ್ತು, ನಿಜ. ಕಳಿಸಿರಲಿಲ್ಲ ಎಂಬುದನ್ನಷ್ಟೇ ನುಂಗಿದೆ. ನೀವು ಒಮ್ಮೆ ನನ್ನ ಮುಖ ನೋಡಿ, ಕೀಲಿಕೈ ಬಿಚ್ಚಿ ಕಲ್ಲಿನ ಮೇಲಿಟ್ಟು ನಡೆದಿರಿ.

ಮರುದಿನವೇ ನಿಯಮ ತಿದ್ದಿದೆ; ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷವೂ ಸಂತೆಯಲ್ಲಿ ನಿಮ್ಮನ್ನು ಕಂಡರೆ ಎದುರಿಗಿದ್ದ ಬುಟ್ಟಿಗೆ ಬಗ್ಗುತ್ತೇನೆ, ಬೇಡವಾದ ಮೆಣಸಿನಕಾಯಿ ಕೊಳ್ಳುತ್ತೇನೆ. ಇಷ್ಟೊಂದು ಖಾರ ಯಾರಿಗೆ ಎಂದು ಮನೆಯಾಕೆ ಕೇಳುತ್ತಾಳೆ. ಅವಳಿಗೂ ಹೇಳಿಲ್ಲ.

ಕಮಿಟಿಯ ಮುಂದೆ ಹೇಳುತ್ತೇನೆ, ಗಂಗವ್ವನಿಗೂ. ಆದರೆ ಮೊದಲು ನಿಮ್ಮ ಮನೆಗೆ ಬರುತ್ತೇನೆ—ಯಾರಿಗೆ ಮೊದಲು ಎಂಬುದನ್ನು ಈ ಸಲ ಕೆಡಿಸುವುದಿಲ್ಲ. ನೀವು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕೂತಿರುತ್ತೇನೆ.