ಮಡಗಾಂವದಲ್ಲಿ ದೊಡ್ಡವ್ವನ ಊಟ

ನಮ್ಮ ದೊಡ್ಡವ್ವನ ಬಲಗೈಯ ತೋರುಬೆರಳು ತುದಿಯಲ್ಲಿ ಸ್ವಲ್ಪ ವಾರೆಯಾಗಿತ್ತು. ಊಟ ಮುಗಿದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಆ ಬೆರಳಿನಿಂದ ಸುತ್ತಲೂ ತಿರುವಿ, ಒಂದು ಅಗಳೂ ಉಳಿಯದಂತೆ ಕುಡಿದುಬಿಡುತ್ತಿದ್ದಳು. ಲಿಂಗಕ್ಕೆ ತೋರಿಸಿ ಉಣ್ಣುವ ಅನ್ನ ಪ್ರಸಾದ, ಪ್ರಸಾದ ಬಿಟ್ಟು ಏಳಬಾರದು ಎಂಬುದು ಅವಳ ನೇಮ. ಗಜೇಂದ್ರಗಡದ ನಮ್ಮ ಮನೆಯ ಬೆಕ್ಕು ಅವಳ ಗಂಗಾಳದ ಕಡೆ ಹಾಯುವುದನ್ನೇ ಬಿಟ್ಟಿತ್ತು. ನಾವು ಒಂದು ತುತ್ತು ಉಳಿಸಿದರೂ ಸಾಕು, "ಅದನ್ನ ಯಾರ ಸಲುವಾಗಿ ಇಟ್ಟಿ? ಬೀಗರು ಬರಾವ್ರದಾರೇನ?" ಎನ್ನುತ್ತಿದ್ದಳು.

ದೊಡ್ಡವ್ವನ ತವರು ಮಲಪ್ರಭೆಯ ದಂಡೆಯ ಕೊಣ್ಣೂರು. ಅವಳ ಒಬ್ಬನೇ ತಮ್ಮ ಕುಪ್ಪಸದ ಖಣ ಮಾರಲು ಗೋವೆಗೆ ಹೋದವನು, ಅಲ್ಲಿ ಮೀನಿನ ಖಾನಾವಳಿ ನಡೆಸುತ್ತಿದ್ದ ಕ್ರೈಸ್ತರ ಹೆಂಗಸನ್ನು ಮದುವೆಯಾಗಿ ನಿಂತುಬಿಟ್ಟ. ಮನೆಯಲ್ಲಿ ಅವನ ಹೆಸರೆತ್ತುವುದೇ ನಿಂತುಹೋಯಿತು. ಆದರೆ ಅವರ ತಾಯಿ ಹಾಸಿಗೆ ಹಿಡಿದಾಗ, ಮಗ ಬಾರದೆ ಜೀವ ಬಿಡಲಾರೆ ಎಂದು ಹಟ ಹಿಡಿದಳು. ಹಿರಿಯರು ಕೂಡಿ ದೊಡ್ಡವ್ವನನ್ನು ಕಳಿಸಿದರು. ಅವನೊಬ್ಬನನ್ನೇ ಕರೆತರಬೇಕು, ಆ ಹೆಂಗಸು ಹೊಸ್ತಿಲು ತುಳಿಯಕೂಡದು ಎಂದು ಕಟ್ಟಾಜ್ಞೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನೌಕರಿ ಹುಡುಕುತ್ತ ಕೂತಿದ್ದ ನಾನು ಜೊತೆಗೆ.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೋವೆ ಇನ್ನೂ ಪೋರ್ತುಗೀಜರದು. ಪರದೇಶವೆಂದರೆ ಹಡಗು ಹತ್ತಬೇಕೆಂದು ನಾನು ತಿಳಿದಿದ್ದೆ. ರೈಲು ಘಟ್ಟ ಇಳಿದು ನಿಂತಲ್ಲಿಯೇ ಪರದೇಶ ಬಂದುಬಿಟ್ಟಿತು. ಟೊಪ್ಪಿಗೆಯ ಅಧಿಕಾರಿಯೊಬ್ಬ ನಮ್ಮ ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ಏನೋ ಕೇಳಿದ. ನನಗೆ ತಿಳಿಯಲಿಲ್ಲ. ದೊಡ್ಡವ್ವ "ತಿಂದ ನೋಡ್ರಿ, ಶೇಂಗಾ ಹಿಂಡಿನೂ ಐತಿ" ಎಂದಳು. ಅವನಿಗೂ ತಿಳಿಯಲಿಲ್ಲ. ನನ್ನ ಮುಲ್ಕಿ ವಿದ್ಯೆ ಅಲ್ಲಿಗೆ ಮುಗಿಯಿತು.

ಮಡಗಾಂವ ಮುಟ್ಟುವಷ್ಟರಲ್ಲಿ ರೊಟ್ಟಿಯ ಗಂಟು ಬರಿದಾಗಿತ್ತು. ಕೇಳುತ್ತ ಕೇಳುತ್ತ ಖಾನಾವಳಿಗೆ ಹೋದರೆ ದೊಡ್ಡವ್ವನ ತಮ್ಮ ಪೇಟೆಗೆ ಹೋಗಿದ್ದ. ಅವನ ಹೆಸರನ್ನೂ ಕೊಣ್ಣೂರು ಎಂಬ ಮಾತನ್ನೂ ಕೇಳಿದ್ದೇ ತಡ, ಆ ಹೆಂಗಸು ಓಡಿಬಂದು ದೊಡ್ಡವ್ವನ ಕೈ ಹಿಡಿದು ಬೆಂಚಿನ ಮೇಲೆ ಕೂಡಿಸಿದಳು. ಒಳಗಿನಿಂದ ಹುರಿದ ಮೀನಿನ ವಾಸನೆ ಬರುತ್ತಿತ್ತು. ದೊಡ್ಡವ್ವ ಬಾಣಲೆಯ ಕಡೆ ಬೆರಳು ಮಾಡಿ, ಬೇಡವೆಂದು ಕೈಯಾಡಿಸಿ, "ಬರೇ ಅನ್ನಾ ಸಾರು ಸಾಕವಾ" ಎಂದಳು. ಆಕೆ ತಲೆಯಾಡಿಸಿ ಒಳಗೆ ಹೋದಳು. ಇಬ್ಬರಿಗೂ ಬಿಸಿ ಅನ್ನ ಬಂತು, ಮೇಲೆ ತೆಂಗಿನಕಾಯಿ ಅರೆದ ಕೆಂಪು ಸಾರು. ದೊಡ್ಡವ್ವ ಲಿಂಗಕ್ಕೆ ತೋರಿಸಿ ನಾಲ್ಕು ತುತ್ತು ಉಂಡಳು. ಹಸಿದಿದ್ದಳು ಪಾಪ. ಆಮೇಲೆ ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದಳು.

"ಮುಳಗಾಯಿಗೆ ಇಷ್ಟುದ್ದ ಮುಳ್ಳು ಇರ್ತೈತೇನೋ?" ಎಂದು, ಬದನೆಕಾಯಿಯ ಹೋಳೆಂದೇ ತಿಳಿದು, ನನ್ನನ್ನು ಕೇಳಿದಳು.

ಬುಟ್ಟಿ ಹೊತ್ತು ಬಂದ ತಮ್ಮ ಬಾಗಿಲಲ್ಲಿಯೇ ನಿಂತುಬಿಟ್ಟ. "ಅಕ್ಕಾ, ಅದು ಮೀನಿನ ಸಾರು. ಏಳು, ಕೈ ತೊಳಿ."

ಪಾಪ, ಆಕೆ ತುಂಡುಗಳನ್ನೆಲ್ಲ ಆರಿಸಿ ತೆಗೆದು ಬರೀ ಸಾರು ಬಡಿಸಿದ್ದಳು. ಆಕೆಯ ಲೆಕ್ಕದಲ್ಲಿ ಅದರಲ್ಲಿ ಮೀನಿರಲಿಲ್ಲ. ಒಂದು ಚೂರು ಮಾತ್ರ ಕಣ್ತಪ್ಪಿ ಉಳಿದಿತ್ತು. ಗಂಡನ ಮುಖ ನೋಡಿ ಏನಾಯಿತೆಂದು ತಿಳಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು.

ಎದ್ದರೆ ನೇಮ ಕೆಡುತ್ತದೆ, ಉಂಡರೆ ಕುಲ ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ. ದೊಡ್ಡವ್ವನ ಕೈ ತಾಟಿನಲ್ಲಿ ಹಾಗೇ ನಿಂತಿತು. ತಮ್ಮನನ್ನು ನೋಡಿದಳು, ಆಕೆಯನ್ನು ನೋಡಿದಳು, ಕೊನೆಗೆ ನನ್ನನ್ನೂ ನೋಡಿದಳು. ನನ್ನ ಕೈಗೆ ಹತ್ತಿದ ಅನ್ನವೇ ಒಣಗುತ್ತಿತ್ತು.

ತಾಟಿನಲ್ಲಿ ಉಳಿದ ಆ ಮೀನಿನ ಚೂರನ್ನು ಎತ್ತಿ ತಮ್ಮನ ಅಂಗೈಯಲ್ಲಿಟ್ಟಳು. "ಇದು ನಿನ್ನ ಪಾಲು." ಆಮೇಲೆ ತಲೆ ಎತ್ತದೆ ಉಳಿದದ್ದನ್ನೆಲ್ಲ ಉಂಡಳು. ತಾಟಿಗೆ ನೀರು ಹಾಕಿ ಬೆರಳು ತಿರುವಿ ಕುಡಿದಳು. ಕೈಯೊರೆಸಿಕೊಳ್ಳುತ್ತ ಆಕೆಗೆ ನಮ್ಮ ಮಾತಿನಲ್ಲಿಯೇ, "ಖಾರ ಭಾಳ ಹಾಕೀದಿ ನೋಡವಾ" ಎಂದಳು. ತಮ್ಮನ ಕಡೆ ತಿರುಗಿ, "ಅವ್ವಗ ಭಾಳ ದಿನಾ ಇಲ್ಲ. ಇಬ್ರೂ ನಡೀರಿ."

"ಹಿರ್ಯಾರು ಏನಂತಾರು?"

"ಹಿರ್ಯಾರು ಇಲ್ಲಿ ಉಂಡಿಲ್ಲ. ನಾ ಉಂಡೀನಿ."

ಮರಳಿ ಬರುವಾಗ ರೈಲಿನಲ್ಲಿ ಮೆಲ್ಲಗೆ ಕೇಳಿದೆ, ತಿಳಿದೂ ತಿಳಿದೂ ಯಾಕೆ ಉಂಡಿ ಎಂದು. ಕಿಟಕಿಯ ಹೊರಗೆ ನೋಡುತ್ತ, "ನನಗೂ ತಿಳಿವಲ್ದಪಾ. ಎದ್ದಿದ್ರ ಆಕಿನ್ನ ಬಿಟ್ಟ ಎದ್ದಂಗ ಆಗ್ತಿತ್ತು" ಎಂದಳು. ಮರುದಿನ ಲಿಂಗಪೂಜೆಗೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಏನು ಕೇಳಿಕೊಂಡಳೋ ಗೊತ್ತಿಲ್ಲ.

ಕೊಣ್ಣೂರಿನಲ್ಲಿ ಹಿರಿಯರು ಪಡಸಾಲೆಯಲ್ಲಿ ಮುಖ ತಿರುವಿ ಕೂತರು. ದೊಡ್ಡವ್ವ ಇಬ್ಬರನ್ನೂ ಅವರ ಮುಂದೆಯೇ ಒಳಗೆ ಕರೆದೊಯ್ದಳು. ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗನ ಮುಖವನ್ನು ಕೈಯಿಂದ ಸವರಿ ಅತ್ತಳು. ಪಕ್ಕದಲ್ಲಿ ಬಳೆಯ ಸಪ್ಪಳ ಕೇಳಿ, "ಈಕಿ ಯಾರ ಪೈಕಿ?" ಎಂದಳು. ನಮ್ಮ ಕಡೆ ಈ ಪ್ರಶ್ನೆಗೆ ಕುಲ, ಊರು, ಮನೆತನ ಎಲ್ಲವನ್ನೂ ಹೇಳಬೇಕು.

"ನಮ್ಮ ಪೈಕಿನ, ಯವ್ವಾ" ಎಂದಳು ದೊಡ್ಡವ್ವ.

ಮುದುಕಿ ಆ ಹೆಂಗಸಿನ ಕೈ ಹುಡುಕಿ ಹಿಡಿದುಕೊಂಡಳು. ಜೀವ ಹೋಗುವ ತನಕ ಬಿಡಲಿಲ್ಲ.

ದೊಡ್ಡವ್ವ ತೀರಿಕೊಂಡು ಎಷ್ಟೋ ವರ್ಷಗಳಾದವು. ಅಂದು ಸಾಯುವ ತಾಯಿಗೆ ಅವಳು ಸುಳ್ಳು ಹೇಳಿದಳೋ, ಖರೇ ಹೇಳಿದಳೋ, ನನಗಿನ್ನೂ ಬಗೆಹರಿದಿಲ್ಲ. ಯಾರಾದರೂ ಯಾರ ಪೈಕಿ ಎಂದು ಕೇಳಿದರೆ ಈ ವಯಸ್ಸಿನಲ್ಲೂ ಉತ್ತರ ಕೊಡಲು ತಡವರಿಸುತ್ತೇನೆ.